ಜನನ: ಇಲ್ಲ

ನಮ್ಮೂರಿನ ತಳವಾರ ಅಂಜನಪ್ಪನಿಗೆ ಓದು ಬರಹ ಬಾರದು. ಆದರೆ ಯಾರ ಮನೆಯಲ್ಲಿ, ಯಾವ ವಾರ, ಯಾವ ಹೊತ್ತಿಗೆ ಮಗು ಹುಟ್ಟಿತೆಂದು ಕೇಳಿದರೆ ತಡವರಿಸದೆ ಹೇಳುತ್ತಿದ್ದ. ಹುಟ್ಟು ಸಾವಿನ ಸುದ್ದಿಯನ್ನು ಪಟೇಲರಿಗೆ ಮುಟ್ಟಿಸುವುದು ತಳವಾರನ ಕೆಲಸ, ಅದನ್ನು ಬರೆದು ತಾಲ್ಲೂಕು ಕಚೇರಿಗೆ ಕಳಿಸುವುದು ಪಟೇಲರ ಕೆಲಸ. ನಿಟ್ಟೂರಿನಿಂದ ಮೂರು ಮೈಲಿ ಒಳಗಿದ್ದ ಆ ಊರಿಗೆ ನಾನು ಶಾಲೆಯ ಮೇಷ್ಟರಾಗಿ ಹೋದ ಹೊಸತರಲ್ಲಿ, ಅವನು ದಾಪುಗಾಲು ಹಾಕುವುದನ್ನು ಕಂಡು ಏನವಸರ ಎಂದು ಕೇಳಿದ್ದೆ. “ಬೆಳ್ಳಪ್ಪನ ಮನೇಲಿ ಗಂಡು ಮೇಷ್ಟ್ರೇ, ಅಯ್ಯೋರಿಗೆ ಹೇಳ್ಬೇಕು” ಅಂದಿದ್ದ.

ಅಯ್ಯೋರು ಅಂದರೆ ಪಟೇಲ ಮುಕುಂದಯ್ಯನವರು. ಅಂಜನಪ್ಪ ಅಂಗಳದಲ್ಲಿ ನಿಂತು ಹೇಳುವನು. ಅವರು ಜಗುಲಿಯಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತ, “ಹೂಂ, ಬರ್ಕೊಂಡೆ, ಹೋಗು” ಎನ್ನುವರು. ಅಷ್ಟಾದರೆ ಅಂಜನಪ್ಪನಿಗೆ ಮನಸ್ಸು ಹಗುರ.

ಅವನಿಗೆ ಒಬ್ಬಳೇ ಮಗಳು, ಹುಲಿಯಮ್ಮ. ಅವಳನ್ನು ಹೆತ್ತ ದಿನವೇ ತಾಯಿ ತೀರಿಕೊಂಡಿದ್ದಳು. ಊರಾಚೆಗಿನ ಅವರ ಕೇರಿಯಿಂದ ಎಂಟನೇ ತರಗತಿ ಮುಗಿಸಿದ ಮೊದಲ ಹುಡುಗಿ ಅವಳು. 1962ರಲ್ಲಿ ಶಿವಮೊಗ್ಗದಲ್ಲಿ ಹೆರಿಗೆ ಮಾಡಿಸುವ ದಾದಿಯರ ತರಬೇತಿಗೆ ಆಯ್ಕೆಯಾದಳು. ಬಂದ ಕಾಗದದಲ್ಲಿ ಒಂದು ಕಟ್ಟಳೆಯಿತ್ತು: ಹದಿನೆಂಟು ತುಂಬಿರಬೇಕು, ಜನನ ದಾಖಲೆಯ ಅಸಲು ಅಥವಾ ದೃಢೀಕೃತ ನಕಲನ್ನು ಎರಡು ತಿಂಗಳೊಳಗೆ ತರಬೇಕು, ತಪ್ಪಿದರೆ ಜಾಗ ಬೇರೆಯವರಿಗೆ.

ಶಾಲೆಯ ಸರ್ಟಿಫಿಕೇಟಿನ ಲೆಕ್ಕದಲ್ಲಿ ಅವಳಿಗೆ ಹದಿನಾರೇ. ಅದು ನನ್ನ ಪ್ರತಾಪ. ಆಗೆಲ್ಲ ಶಾಲೆಗೆ ಸೇರಿಸುವಾಗ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದೆವು. ಮುಟ್ಟಿದರೆ ಆರು ವರ್ಷ, ಹುಟ್ಟಿದ ದಿನ ಜೂನ್ ಒಂದು. ಹುಲಿಯಮ್ಮನ ಕೈ ಗಿಡ್ಡ. ಎಂಟು ತುಂಬಿದ ಮೇಲೆ ಕಿವಿ ಮುಟ್ಟಿತು. ಅವಳ ಎರಡು ವರ್ಷ ನಾನೇ ನುಂಗಿಹಾಕಿದ್ದೆ.

ಅಂಜನಪ್ಪ ನಕ್ಕುಬಿಟ್ಟ. “ಅದ್ಕ್ಯಾಕೆ ಹೆದರ್ತೀರಿ ಮೇಷ್ಟ್ರೇ? ಯುಗಾದಿ ಕಳ್ದು ಎರಡ್ನೇ ಸೋಮವಾರ ಹುಟ್ಟಿದ್ದು. ಹೆಂಡ್ತಿ ಹೆಣ ಮನೇಲಿ ಬಿಟ್ಟು ಹೋಗಿ ಹೇಳೀನಿ. ಮೊದ್ಲು ಮಗಳ್ನ ಬರ್ಸ್ದೆ, ಆಮೇಲೆ ಹೆಂಡ್ತಿನ.”

ನಾನು, ಅಂಜನಪ್ಪ ಇಬ್ಬರೇ ಹೊಸನಗರದ ತಾಲ್ಲೂಕು ಕಚೇರಿಗೆ ಹೋದೆವು. ಗುಮಾಸ್ತರು 1944ರ ಏಪ್ರಿಲ್ ತಿಂಗಳ ನಮ್ಮೂರಿನ ಹಾಳೆ ತೆಗೆದು ಓದಿದರು. “ಮರಣ: ಒಂದು. ತಳವಾರ ಅಂಜನಪ್ಪನ ಹೆಂಡತಿ. ಕಾರಣ ಹೆರಿಗೆ. ಜನನ: ಇಲ್ಲ.” ಅವರೇ ತಲೆಯೆತ್ತಿ ಕೇಳಿದರು, “ಹೆರಿಗೇಲಿ ಸತ್ತಿದಾಳೆ, ಮಗು ಎಲ್ರೀ ಹೋಯ್ತು?”

ಕೆಳಗೆ ‘ವರದಿ ಸರಿಯಿದೆ’ ಎಂದು ಬರೆದು ಒಂದು ಹೆಬ್ಬೆಟ್ಟು ಒತ್ತಿಸಲಾಗಿತ್ತು. ಅಂಜನಪ್ಪ ಬಗ್ಗಿ ನೋಡಿ, “ನಂದೇ. ತಿಂಗ್ಳು ತಿಂಗ್ಳೂ ಅಯ್ಯೋರು ಒತ್ತಿಸ್ಕೊಳ್ಳೋರು” ಎಂದ. ಅದರಲ್ಲಿ ಏನು ಬರೆದಿದೆಯೆಂದು ಯಾರೂ ಅವನಿಗೆ ಹೇಳಿರಲಿಲ್ಲ. ನಾನು ಬೇರೆ ತಿಂಗಳ ಹಾಳೆಗಳನ್ನೂ ತಿರುವಿಸಿದೆ. ದೊಡ್ಡ ಮನೆಗಳ ಮಕ್ಕಳು ನಕ್ಷತ್ರ ಸಮೇತ ಇದ್ದರು. ಕೇರಿಯಿಂದ ಸತ್ತವರಷ್ಟೇ ಇದ್ದರು, ಹುಟ್ಟಿದವರು ಒಬ್ಬರೂ ಇಲ್ಲ. ಸಾವಿನ ವಿಚಾರಣೆಗೆ ಮೇಲಿನವರು ಬರುತ್ತಾರೆ, ಹುಟ್ಟನ್ನು ಕೇಳುವವರು ಯಾರು? ನನ್ನ ಮೈ ಉರಿದುಹೋಯಿತು.

ಊರಿಗೆ ಮರಳಿ ಕೇಳಿದಾಗ ಮುಕುಂದಯ್ಯನವರು ನಾಚಿಕೊಳ್ಳಲೂ ಇಲ್ಲ. “ನಿಮ್ಮ ಕೇರೀಲಿ ಹುಟ್ಟಿದ್ದೆಲ್ಲ ಉಳೀತಾವೇನೋ ಅಂಜನಾ? ಉಳಿದ್ರೆ ಬರೆಯೋಣ ಅಂತ ಬಿಡ್ತಿದ್ದೆ. ಆಮೇಲೆ ಮರೆತೇ ಹೋಗ್ತಿತ್ತು.”

ತಡವಾಗಿಯಾದರೂ ಜನನ ಬರೆಸಲು ತಾಲ್ಲೂಕಿನ ಅಮಲ್ದಾರರು ಹುಕುಂ ಕೊಡಬಹುದಿತ್ತು. ಆದರೆ ಯಾಕೆ ಬಿಟ್ಟುಹೋಯಿತೆಂದು ಪಟೇಲರು ಹೇಳಿಕೆ ಕೊಡಬೇಕು. ‘ನನ್ನ ಅಲಕ್ಷ್ಯದಿಂದ’ ಎಂದು ನಾನು ಬರೆದುಕೊಟ್ಟೆ. ಅವರು ಅದನ್ನು ಮಡಚಿ ನನ್ನ ಕೈಗೇ ತುರುಕಿದರು. “ನನ್ನ ಪಟೇಲಿಕೆ ನಾನೇ ಕಳ್ಕೊಳ್ಳಲಾ ಮೇಷ್ಟ್ರೇ?” ಅನ್ನುತ್ತ ಬೇರೆ ಕಾಗದ ತೆಗೆದು ಬರೆದರು: ಮಗುವಿನ ತಂದೆಯಾದ ತಳವಾರ ಅಂಜನಪ್ಪನು ಜನನದ ವರದಿ ಮಾಡದೆ ಮುಚ್ಚಿಟ್ಟ ಕಾರಣ. “ಇದಕ್ಕೆ ಒತ್ಲಿ, ನಾಳೆನೇ ಕಳಿಸ್ತೀನಿ. ಮಾತು ನಮ್ಮ ಮೂವರಲ್ಲೇ ಇರ್ಲಿ. ಮಗಳ ಬಾಯಿಂದ ಹೊರಗೆ ಬಿದ್ರೆ ಹುಕುಂ ರದ್ದಾಗುತ್ತೆ, ಅವಳ ಕೆಲ್ಸಾನೂ ಹೋಗುತ್ತೆ.”

ನಾನು ಅಕ್ಷರ ಬಿಡದೆ ಓದಿ ಹೇಳಿದೆ. “ಇವ್ರ ಮಾತು ದೇವ್ರ ಮಾತು ಅಂತ ನಂಬಿದ್ನಲ್ಲ ಮೇಷ್ಟ್ರೇ” ಎಂದು ಅಂಜನಪ್ಪ ನನ್ನ ಮುಖ ನೋಡಿ ಹೇಳಿದನೇ ಹೊರತು ಪಟೇಲರ ಕಡೆ ತಿರುಗಲಿಲ್ಲ. ಆಮೇಲೆ ಮಸಿಗೆ ಬೆರಳು ಚಾಚಿದ.

ಆ ಕಾಗದವನ್ನು ನಾನು ಹರಿದು ಹಾಕಬೇಕಿತ್ತು. ಶಾಲೆ ನಡೆಯುತ್ತಿದ್ದುದು ಪಟೇಲರ ಹೊರಚಾವಡಿಯಲ್ಲಿ, ನಾನು ಉಳಿದಿದ್ದುದೂ ಅವರ ಮನೆಯ ಪಕ್ಕದ ಕೋಣೆಯಲ್ಲಿ. ಹೇಡಿತನಕ್ಕೆ ಅಷ್ಟು ನೆಪ ಸಾಕಾಯಿತು.

ಅಮಲ್ದಾರರು ಅಂಜನಪ್ಪನನ್ನು ತಳವಾರಿಕೆಯಿಂದ ತೆಗೆದರು, ಜನನವನ್ನು ಬರೆಸಿದರು. ಗಡುವಿಗೆ ನಾಲ್ಕು ದಿನವಿರುವಾಗ ಮೊಹರು ಬಿದ್ದ ನಕಲು ಕೈಸೇರಿತು. ನಕಲೆಂದರೆ ಇದ್ದದ್ದು ಇದ್ದ ಹಾಗೆ. ಕೊನೆಯ ಷರಾದ ಅಂಕಣದಲ್ಲಿ ಪಟೇಲರು ಕೊಟ್ಟ ಕಾರಣವೂ ಹಾಗೇ ಇಳಿದಿತ್ತು. ಇನ್ನು ಕೆಲಸಕ್ಕೆ ಸೇರುವಾಗ, ಬಡ್ತಿಗೆ, ಪಿಂಚಣಿಗೆ, ಎಲ್ಲಿ ಕೇಳಿದರೂ ಅವಳು ತೋರಿಸಬೇಕಾದದ್ದು ಅದನ್ನೇ. ಹುಲಿಯಮ್ಮ ಮೂರು ಸಲ ಓದಿದಳು. ಅಪ್ಪನೊಡನೆ ಮಾತು ಬಿಟ್ಟಳು.

ನಿಟ್ಟೂರಿನಲ್ಲಿ ಬಸ್ಸು ಹತ್ತಿಸಲು ಮೂವರೂ ಹೋದೆವು. ಅವಳ ಟ್ರಂಕನ್ನು ಅಂಜನಪ್ಪನೇ ಹೊತ್ತು ತಂದ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ನಿಂತಳು.

“ಊರೋರ ಮಕ್ಕಳ್ನೆಲ್ಲ ಬರ್ಸಿದ್ಯಲ್ಲ ಅಪ್ಪ, ನನ್ನೊಬ್ಳನ್ನ ಯಾಕೆ ಮುಚ್ಚಿಟ್ಟೆ? ಅವ್ವನ್ನ ತಿಂದ್ಕೊಂಡು ಹುಟ್ದೋಳು ಅಂತ್ಲಾ?”

ಅಂಜನಪ್ಪ ಒಮ್ಮೆ ನನ್ನ ಕಡೆ ನೋಡಿದ. ನಾನು ಬಸ್ಸಿನ ಚಕ್ರ ನೋಡುತ್ತ ನಿಂತೆ.

“ಹೂಂ ಮಗಾ” ಎಂದ ಅವನು. “ತಪ್ಪಾಯ್ತು.”