ಸುಡದ ಪಾಕ

ಕೊಪ್ಪದ ಅಂಕಯ್ಯನನ್ನು ಇಪ್ಪತ್ತೆಂಟು ವರ್ಷ ಜನ ಕೇಳಿದ್ದು ಒಂದೇ ಪ್ರಶ್ನೆ: ‘ಎಳೆ ಬಂತಾ, ಅಂಕಯ್ಯ?’ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವುದು ಅವನ ಕೆಲಸ. ಕೊಪ್ಪರಿಗೆಯ ಕಬ್ಬಿನ ಹಾಲು ಕುದಿಕುದಿದು ಕೆಂಪಗಾಗುವ ಹೊತ್ತಿಗೆ ಬೆರಳನ್ನು ತಣ್ಣೀರಿಗೆ ಅದ್ದಿ, ಒಂದು ತೊಟ್ಟು ತೆಗೆದು, ಎರಡು ಬೆರಳ ನಡುವೆ ಸರಕ್ಕನೆ ಎಳೆಯುತ್ತಿದ್ದ. ನಿಧಾನ ಮಾಡಿದರೆ ಚರ್ಮ ಕಿತ್ತು ಬರುತ್ತದಲ್ಲ. ಎಳೆ ನಿಂತರೆ ‘ಬಂತು, ಇಳಿಸ್ರಲಾ’ ಅನ್ನುವನು. ಅವನು ಅನ್ನುವವರೆಗೆ ಆಲೆಮನೆ ಯಜಮಾನ ತಿಮ್ಮಯ್ಯನೂ ಬಾಯಿ ಬಿಡುವಂತಿರಲಿಲ್ಲ.

ತಿಮ್ಮಯ್ಯ ಆಲೆಮನೆ ಮುಚ್ಚಿ ಆ ಜಾಗದಲ್ಲಿ ಹಸು ಕಟ್ಟಿದ ಮೇಲೆ ಅಂಕಯ್ಯ ಹೆಂಡತಿ ಪಟ್ಟಲಮ್ಮನ ಜೊತೆ ಮಂಡ್ಯದ ಗುತ್ತಲಿಗೆ ಬಂದ. ಹೊಟ್ಟೆಬಟ್ಟೆಗೇನೂ ಕೊರತೆಯಿರಲಿಲ್ಲ. ಪಟ್ಟಲಮ್ಮ ಸಂಘದ ಹೆಂಗಸರೊಡನೆ ಮನೆ ಹಿತ್ತಿಲಲ್ಲೇ ಪಾತ್ರೆ ತೊಳೆಯುವ ಸೋಪಿನ ನೀರು ಮಾಡುತ್ತಿದ್ದಳು. ಆದರೆ ಈ ಮನುಷ್ಯನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ‘ಉಂಡ್ಯಾ?’ ಅನ್ನುವುದೂ ಒಂದು ಪ್ರಶ್ನೆಯೇ? ಜಗಲಿಯ ಮೇಲೆ ಕೂತು ಬೆರಳು ಉಜ್ಜಿಕೊಳ್ಳುತ್ತಿದ್ದ. ‘ಎಳೆ ಬಂತಾ’ ಅನ್ನುವ ಆ ಒಂದು ಮಾತಿಗೆ ಅವನ ಜೀವ ಹಂಬಲಿಸುತ್ತಿತ್ತು. ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆ.

‘ಕೆಲ್ಸ ಇಲ್ದಿರೋ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ. ಬಾ ಇಲ್ಲಿ, ಇದಾರೂ ನೋಡು,’ ಎಂದಳು ಪಟ್ಟಲಮ್ಮ ಒಂದು ದಿನ. ನೀಲಿ ಡ್ರಮ್ಮಿನಲ್ಲಿ ಸೋಪಿನ ನೀರು ತೆಳ್ಳಗೇ ಇತ್ತು. ಉಪ್ಪುನೀರು ಬೆರೆಸಿದರೆ ಅದು ಗಟ್ಟಿಯಾಗಬೇಕು. ಎಷ್ಟು ಬೆರೆಸಬೇಕೆಂದು ಬಲ್ಲವಳು ಪಕ್ಕದ ಮನೆಯ ಸುನಿತಾ, ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದ ಹುಡುಗಿ. ಅವಳು ಅಂದು ಮದ್ದೂರಿಗೆ ಹೋಗಿದ್ದಳು. ‘ಎಳೆ ಬಂತಾ ಅಂತ ನೋಡು ಒಸಿ.’

ಅಂಕಯ್ಯ ಪಂಚೆ ಎತ್ತಿ ಕಟ್ಟಿದ. ತೊಟ್ಟು ತೆಗೆದ, ಸರಕ್ಕನೆ ಎಳೆದ. ಪಟ್ಟಂತ ಕಿತ್ತಿತು. ‘ಇನ್ನೂ ಬಂದಿಲ್ಲ. ಆಕ್ರಮ್ಮ ಉಪ್ಪ.’ ಮತ್ತೊಂದು ಚೊಂಬು ಬಿತ್ತು. ಕೋಲು ತಿರುಗದಷ್ಟು ಗಟ್ಟಿಯಾಯಿತು. ಹೆಂಗಸರು ಸಾಕು ಎಂದರು. ಎಳೆ ಮಾತ್ರ ಬೆರಳಿಗೆ ನಿಲ್ಲಲಿಲ್ಲ.

‘ನಂಗೇಳ್ಕೊಡ್ತೀರಾ? ಆಕಿ ಉಪ್ಪ,’ ಎಂದ. ನಾಲ್ಕನೆಯ ಚೊಂಬಿಗೆ ಇಡೀ ಡ್ರಮ್ಮು ನೀರುಮಜ್ಜಿಗೆಯಂತಾಗಿ ಹೋಯಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಸುನಿತಾ ಬಂದು ಹಿಂದಿನ ಸಲದ ಸೋಪನ್ನು ಅವನ ಕೈಯಲ್ಲಿ ಎಳೆಸಿ ನೋಡಿದಳು. ‘ದೊಡ್ಡಪ್ಪ, ಬೆಲ್ಲದ ಪಾಕ ಎಳ್ದಂಗೆ ಎಳೀತಿದ್ದೀರ. ಇದು ಸುಡಲ್ಲ, ಯಾಕಿಷ್ಟು ಆತುರ?’

ಆಮೇಲೆ ಬಿಡಿಸಿ ಹೇಳಿದಳು. ಉಪ್ಪು ಬಿದ್ದರೆ ನೀರಿನೊಳಗೆ ಸೋಪಿನ ಕಣಗಳು ಸಾಲುಗೂಡಿ, ಕಣ್ಣಿಗೆ ಕಾಣದ ಉದ್ದುದ್ದ ದಾರಗಳಾಗುತ್ತವೆ. ಆ ದಾರಗಳು ಸಿಕ್ಕುಬಿದ್ದಾಗಲೇ ಸೋಪು ಗಟ್ಟಿಯಾಗುವುದು. ಆದರೆ ಅವು ತಾವಾಗಿ ಕಿತ್ತು, ತಾವಾಗಿ ಕೂಡುತ್ತಲೇ ಇರುತ್ತವೆ. ಮೆಲ್ಲಗೆ ಎಳೆದರೆ ಕೂಡಿಕೊಳ್ಳಲು ಪುರುಸೊತ್ತು ಸಿಗುತ್ತದೆ. ನೆಟ್ಟಗೆ ಸಾಲುಹಿಡಿದು ಎಳೆ ಬರುತ್ತದೆ. ಸರಕ್ಕನೆ ಎಳೆದರೆ ಎಲ್ಲ ಒಟ್ಟಿಗೇ ಕಡಿಯುತ್ತವೆ. ಉಪ್ಪು ಅತಿಯಾದರೋ, ದಾರ ಕವಲೊಡೆದು ಒಂದರ ಮೇಲೊಂದು ಜಾರತೊಡಗುತ್ತದೆ. ಆಗ ಗಟ್ಟಿಯಿದ್ದದ್ದೂ ನೀರೇ.

‘ಕಡ್ದೋದ್ದು ಮತ್ತೆ ಕೂಡ್ಕತದಾ?’ ಅಂಕಯ್ಯ ಕೇಳಿದ.

‘ಕೂಡ್ಕೊಳುತ್ತೆ. ಒಸಿ ಹೊತ್ತು ಕೊಡ್ಬೇಕು, ಅಷ್ಟೇ.’

ಸುನಿತಾ ಉಪ್ಪಿನ ಅಳತೆಯನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಳು. ಇನ್ನು ಬೆರಳು ಯಾರಿಗೆ ಬೇಕು? ಮೂರು ಸಲ ಡ್ರಮ್ಮು ತುಂಬಿತು, ಮೂರು ಸಲವೂ ಅವನನ್ನು ಕರೆಯಲಿಲ್ಲ. ಕರೆಯುತ್ತಾರೇನೋ ಎಂದು ಬಾಗಿಲ ಹತ್ತಿರ ಸುಳಿದಾಡಿ, ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋಗಿ ಕೂರುತ್ತಿದ್ದ. ತಟ್ಟೆಯಲ್ಲಿ ಉಳಿದ ಸೋಪನ್ನು ಕದ್ದು ತಂದು, ಒಬ್ಬನೇ ಮೆಲ್ಲಮೆಲ್ಲಗೆ ಎಳೆದು ನೋಡುತ್ತಿದ್ದ. ಇಷ್ಟು ವರ್ಷದ ಆತುರ ಕೈಬಿಟ್ಟು ಹೋಗಲಾರೆನೆಂದು ಹಟ ಮಾಡುತ್ತಿತ್ತು. ಪಟ್ಟಲಮ್ಮ ಅದನ್ನು ಕಿಟಕಿಯಿಂದ ನೋಡಿದಳು.

ನಾಲ್ಕನೆಯ ಸಲ ಅಳತೆ ಹಾಕಿಯಾಗಿತ್ತು, ಸೋಪು ಹದವಾಗಿಯೂ ಇತ್ತು. ಬಾಟಲಿಗೆ ತುಂಬಲು ಹೊರಟವರನ್ನು ಪಟ್ಟಲಮ್ಮ ತಡೆದಳು. ‘ಇರ್ರಮ್ಮ. ನಮ್ಮನೇರು ನೋಡ್ಲಿ.’

ಅಂಕಯ್ಯ ಬಂದ. ಕೋಲು ತಿರುಗುವ ಹದ ನೋಡಿದರೇ ಗೊತ್ತಾಗುತ್ತಿತ್ತು, ತಾನು ನೋಡಬೇಕಾದ್ದೇನೂ ಇಲ್ಲ. ಆದರೂ ತೊಟ್ಟು ತೆಗೆದು, ಉಸಿರು ಹಿಡಿದು, ಬೆರಳನ್ನು ಮೆಲ್ಲಗೆ ಅಗಲಿಸಿದ. ಸಣ್ಣಗೆ, ಗೇಣುದ್ದ ಎಳೆ ನಿಂತಿತು. ಹೆಂಗಸರು ಹತ್ತಿರ ಬಂದು ಬಗ್ಗಿ ನೋಡಿದರು.

‘ಬಂತಾ?’ ಎಂದಳು ಪಟ್ಟಲಮ್ಮ.

ಬಂತು ಅಂದುಬಿಟ್ಟರೆ ಮುಗಿಯಿತಲ್ಲ. ಎಳೆ ಕಡಿಯಿತು, ಅವನು ಅನ್ನಲಿಲ್ಲ. ಇನ್ನೊಂದು ತೊಟ್ಟು ತೆಗೆದ. ‘ಇನ್ನೊಂದ್ಸಲ ಕೇಳಮ್ಮಿ. ಆಲೆಮನೇಲಿ ಕೇಳೋರಲ್ಲ, ಅಂಗೆ.’

ಮೂವತ್ತು ವರ್ಷದ ಸಂಸಾರದಲ್ಲಿ ಒಂದು ದಿನವೂ ಗಂಡನ ಹೆಸರು ಹಿಡಿಯದ ಹೆಂಗಸು ಅವಳು. ಸೆರಗಿನಿಂದ ಕೈ ಒರೆಸಿಕೊಂಡು, ಅಕ್ಕಪಕ್ಕದವರಿಗೆಲ್ಲ ಕೇಳಿಸುವಂತೆ ಗಟ್ಟಿಯಾಗಿ ಕೇಳಿದಳು.

‘ಎಳೆ ಬಂತಾ, ಅಂಕಯ್ಯ?’