ಒಳಗಿನ ಹೊಲಿಗೆ

ನಮ್ಮತ್ತೆ ರೇಷ್ಮೆ ಸೀರೆ ಉಡುವುದಿಲ್ಲ. ಹುಳುವನ್ನು ಬೇಯಿಸಿ ತೆಗೆದ ನೂಲು ಮೈಮೇಲೆ ಬೇಡ ಎಂಬುದು ಅವರ ಹಟ. ನಾವು ಜೈನರು, ನಿಜ. ಆದರೆ ಚನ್ನರಾಯಪಟ್ಟಣದಲ್ಲಿ ನಮ್ಮವರ ಮದುವೆಗಳಲ್ಲೂ ಹೆಂಗಸರೆಲ್ಲ ರೇಷ್ಮೆಯಲ್ಲೇ ಸರಭರ ಓಡಾಡುತ್ತಾರೆ. ಅವರ ನಡುವೆ ಇವರೊಬ್ಬರದೇ ಗಂಜಿ ಹಾಕಿದ ಹತ್ತಿ ಸೀರೆ. ಹೊಸ ಸೊಸೆಯಾಗಿದ್ದಾಗ, ಹತ್ತಿ ಕೀಳುವಾಗ ಗಿಡಕ್ಕೆ ನೋವಾಗಲ್ವಾ ಅತ್ತೆ ಎಂದು ರೇಗಿಸುತ್ತಿದ್ದೆ. ಅವರು ನಕ್ಕು, ನಿನ್ನ ಬಾಯಿಗಿಂತ ಆ ಗಿಡವೇ ವಾಸಿ ಎನ್ನುತ್ತಿದ್ದರು.

ಹೀಗಾಗಿ ನನ್ನ ಮೊದಲ ಹೆರಿಗೆಯ ಹೊತ್ತಿನಲ್ಲಿ ಅವರು ದಾರದ ಮಾತೆತ್ತಿದ್ದು ನಮಗೆ ಆಶ್ಚರ್ಯವಾಗಲಿಲ್ಲ. ಹೊಟ್ಟೆಯಲ್ಲಿದ್ದ ಮಗಳು ಕಾಲು ಕೆಳಗೆ ಮಾಡಿಕೊಂಡು ಕೂತವಳು ತಿರುಗಲೇ ಇಲ್ಲ. ಆಪರೇಷನ್ ಮಾಡಿಯೇ ತೆಗೆಯಬೇಕೆಂದು ಡಾಕ್ಟರಮ್ಮ ದಿನ ಗೊತ್ತು ಮಾಡಿದರು. ನಾನು ಎದ್ದು ಹೊರಡುವುದರಲ್ಲಿದ್ದೆ. ಅತ್ತೆ ಏಳಲಿಲ್ಲ.

"ಒಳಗೆ ಒಲಿಯೋ ದಾರ ರೇಷ್ಮೆದಲ್ಲ ತಾನೇ ಡಾಕ್ಟ್ರಮ್ಮ?"

"ರೇಷ್ಮೆ ಅಲ್ಲ ಬಿಡಿ," ಎಂದು ಡಾಕ್ಟರಮ್ಮ ನಕ್ಕರು. "ಇದು ಕರಗೋ ದಾರ. ಕುರಿ ಕರುಳಿಂದ ಮಾಡ್ತಾರೆ."

ಅತ್ತೆಯ ಮುಖ ನೋಡುವ ಹಾಗಿರಲಿಲ್ಲ. ಬೇರೆ ಯಾವುದೂ ಇಲ್ಲವೇ ಎಂದು ಕೇಳಿದರು. ಇದೆ, ಕಾರ್ಖಾನೆಯಲ್ಲಿ ಮಾಡಿದ್ದು, ಅದೂ ನಿಧಾನಕ್ಕೆ ಕರಗುತ್ತೆ, ಅದನ್ನೂ ಎಷ್ಟೋ ಜನ ಹಾಕುತ್ತಾರೆ ಎಂದರು ಡಾಕ್ಟರಮ್ಮ. ಆಮೇಲೆ ಒಂದು ಮಾತು ಸೇರಿಸಿದರು: "ನನ್ನ ಕೈಗೆ ರೂಢಿ ಇರೋದು ಮಾತ್ರ ಕರುಳಿನ ದಾರ."

"ಆ ಕಾರ್ಖಾನೆದನ್ನೇ ಆಕ್ಬುಡಿ ತಾಯಿ. ನನ್ನ ಸೊಸೆ ಒಟ್ಟೇಲಿ ಕುರಿ ಕರುಳು ಬ್ಯಾಡ," ಎಂದರು ಅತ್ತೆ. ಡಾಕ್ಟರಮ್ಮ ಆಗಲಿ ಎಂದರು. ನನಗೂ ಸಮಾಧಾನವಾಯಿತು.

ಬಾಣಂತನಕ್ಕೆ ಅರಕಲಗೂಡಿಗೆ, ತವರಿಗೆ ಹೋದೆ. ನೋಡಲು ಬಂದವರೆಲ್ಲ ಮಗುವಿನ ಮೂಗು ಯಾರದೆಂದು ತೀರ್ಮಾನಿಸಿ ಆದಮೇಲೆ ಕೇಳುತ್ತಿದ್ದುದು ಒಂದೇ: ಹೊಲಿಗೆ ಒಣಗಿತಾ? ಅವ್ವ ದಿನಾ ಸೆರಗು ಸರಿಸಿ ನೋಡುತ್ತಿದ್ದಳು. ಕೀವಿಲ್ಲ, ಊತವಿಲ್ಲ, ಸಣ್ಣ ಗೆರೆ. ಚೆನ್ನಾಗಿ ಒಣಗಿದೆ ಕಣವ್ವ ಎಂದು ಎಲ್ಲರಿಗೂ ಸಾರುತ್ತಿದ್ದಳು. ನಮ್ಮ ಕಡೆ ಹೊಲಿಗೆ ಎಂದರೆ ಹೊರಗಿನದೇ. ಗರ್ಭಕೋಶಕ್ಕೆ ಹಾಕಿದ ಹೊಲಿಗೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ, ಯಾಕೆಂದರೆ ಅಲ್ಲೊಂದು ಗಾಯ ಇದೆ ಎಂಬುದೇ ನನ್ನ ತಲೆಗೆ ಬಂದಿರಲಿಲ್ಲ.

ಮಗಳು ನಡೆಯುವ ಹೊತ್ತಿಗೆ ಮತ್ತೆ ಕೆಲಸಕ್ಕೆ ಸೇರಿದೆ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ತಿಂಗಳ ಮುಟ್ಟು ಮುಗಿದ ಮೇಲೂ ವಾರಗಟ್ಟಲೆ ಕಂದು ಬಣ್ಣದ ಕಲೆ ಕಾಣುತ್ತಿತ್ತು. ಬಸ್ಸಿನ ಕುಲುಕಾಟ, ದಿನವಿಡೀ ನಿಂತು ಪಾಠ ಮಾಡುವ ಆಯಾಸ ಎಂದುಕೊಂಡೆ. ಸ್ಟಾಫ್ ರೂಮಿನಲ್ಲಿ ಕೇಳಿದರೆ ಎಲ್ಲರಿಗೂ ಒಂದೊಂದು ತೊಂದರೆ, ಎಲ್ಲರಿಗೂ ಒಂದೊಂದು ಕಷಾಯ. ಎರಡನೇ ಮಗು ಬೇಕೆಂದು ನಾನೂ ನನ್ನ ಗಂಡನೂ ಆಸೆಪಟ್ಟು, ಗರ್ಭ ನಿಲ್ಲದೇ ಹೋದಾಗಲೇ ಹಾಸನಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದ್ದು.

ಹಾಸನದ ಡಾಕ್ಟರು ಸಿಡುಕದೆ ವಿವರಿಸಿದರು. ಹಿಂದಿನ ಹೊಲಿಗೆಯ ಜಾಗದಲ್ಲಿ ಗರ್ಭಕೋಶದ ಗೋಡೆ ಸರಿಯಾಗಿ ಕೂಡಿಕೊಂಡಿಲ್ಲ, ತೆಳ್ಳಗಾಗಿ ಒಂದು ಗುಳಿ ಬಿದ್ದಿದೆ, ಮುಟ್ಟಿನ ರಕ್ತ ಅಲ್ಲಿ ನಿಂತು ಆಮೇಲೆ ಒಸರುತ್ತದೆ. ನಾನು ದಾರದ ಕಥೆ ಹೇಳಿದೆ. ಅದರಿಂದಲೇ ಹೀಗಾಯಿತಾ ಎಂದು ಕೇಳಿದೆ.

"ಹೇಳೋಕಾಗಲ್ಲಮ್ಮ," ಎಂದರು. ದಾರ ಇರಬಹುದು, ಒಂದು ಸುತ್ತು ಹೊಲಿದರೋ ಎರಡು ಸುತ್ತೋ ಎಂಬುದಿರಬಹುದು, ಬಿಗಿಯಾಗಿ ಎಳೆದದ್ದಿರಬಹುದು, ನನ್ನ ಮೈಯ ಗುಣವೇ ಇರಬಹುದು. ತಿಳಿದವರಲ್ಲೇ ಇದಕ್ಕೆ ಒಮ್ಮತವಿಲ್ಲವಂತೆ. ಕರುಳಿನ ದಾರ ಹಾಕಿದ್ದರೂ ಹೀಗೇ ಆಗಬಹುದಿತ್ತಂತೆ, ಆಗದೆಯೂ ಇರಬಹುದಿತ್ತಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಉತ್ತರವಿಲ್ಲದ ಲೆಕ್ಕವನ್ನು ನಾನು ಮಕ್ಕಳಿಗೆ ಕೊಡುವುದಿಲ್ಲ. ಬೈಯಲಿಕ್ಕಾದರೂ ಒಬ್ಬರು ಬೇಕಿತ್ತು. ಕರುಳಿನ ದಾರ ಬೇಡವೆಂದ ಅತ್ತೆಯೋ, ರೂಢಿಯಿಲ್ಲದ ದಾರಕ್ಕೆ ಒಪ್ಪಿಕೊಂಡ ಡಾಕ್ಟರಮ್ಮನೋ, ಯಾರೋ ಒಬ್ಬರು. ಯಾರೂ ಸಿಗಲಿಲ್ಲ.

ಮನೆಯಲ್ಲಿ ನನ್ನ ಗಂಡ ಎಲ್ಲವನ್ನೂ ಒದರಿಬಿಟ್ಟ. ಅತ್ತೆ ಮರುದಿನದಿಂದ ಒಪ್ಪೊತ್ತು ಶುರು ಮಾಡಿದರು. ಹಗಲೊಂದು ಊಟ, ಅದೂ ಬರೀ ಅನ್ನ ಸಾರು. ಯಾಕೆಂದು ಯಾರಿಗೂ ಹೇಳಲಿಲ್ಲ. ಒಮ್ಮೆ ಬಟ್ಟೆ ಒಣಹಾಕುತ್ತಿದ್ದಾಗ ಪಕ್ಕಕ್ಕೆ ಬಂದು, "ನಾನು ಬಾಯಿ ಮುಚ್ಕಂಡಿದ್ದಿದ್ರೆ ಸರಿಯಾಗೋದೇನೋ ಮಗಾ?" ಎಂದರು. ಡಾಕ್ಟರು ನನಗೆ ಹೇಳಿದ್ದನ್ನೇ ಹೇಳಿದೆ, ಹೇಳೋಕಾಗಲ್ಲ ಅಂತೆ ಅತ್ತೆ. ಅವರು ತಲೆಯಾಡಿಸಿ ಒಳಗೆ ಹೋದರು. ಆವತ್ತು ನನಗೆ ಅವರನ್ನು ಕಂಡು ಅಯ್ಯೋ ಅನಿಸಿತು, ಹೊಟ್ಟೆಕಿಚ್ಚೂ ಆಯಿತು. ಅವರಿಗಾದರೂ ಬೈದುಕೊಳ್ಳಲು ತಾವೇ ಇದ್ದರು.

ಈ ವರ್ಷ ಆಸೆ ಬಿಟ್ಟಿದ್ದ ಹೊತ್ತಿನಲ್ಲಿ ಮುಟ್ಟು ನಿಂತಿತು. ಹಾಸನಕ್ಕೆ ನನ್ನ, ಗಂಡನ ಜೊತೆ ಅತ್ತೆಯೂ ಬಂದರು, ಸೋಸಿದ ನೀರಿನ ಬಾಟಲಿ ಹಿಡಿದುಕೊಂಡು. ಬಸ್ಸಿನಲ್ಲಿ ಅವರ ಮುಖದಲ್ಲಿ ಹಿಂದಿನ ಗೆಲುವು ಬಂದಿತ್ತು.

ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿದಳು. ಡಾಕ್ಟರನ್ನು ಕರೆಸಿದಳು. ಅವರು ನೋಡಿ, ಗಂಡನನ್ನೂ ಅತ್ತೆಯನ್ನೂ ಒಳಗೆ ಕರೆದರು. ಗರ್ಭ ನಿಂತಿದೆ, ಎದೆಬಡಿತವೂ ಇದೆ, ಆದರೆ ಅದು ಗರ್ಭಕೋಶದ ಒಳಗಲ್ಲ, ಹಳೇ ಹೊಲಿಗೆಯ ಗುಳಿಯಲ್ಲೇ ಕೂತಿದೆ. ಬೆಳೆಯುತ್ತಾ ಹೋದರೆ ತೆಳುವಾದ ಗೋಡೆ ಹರಿದು ನಾನು ರಕ್ತ ಸೋರಿ ಸಾಯಬಹುದು. ಇಂಜೆಕ್ಷನ್ ಕೊಟ್ಟು ಬಡಿತ ನಿಲ್ಲಿಸಿ, ಆಮೇಲೆ ತೆಗೆಯಬೇಕು. ಕಾಯುವ ಹಾಗಿಲ್ಲ.

ಗಂಡ ಗೋಡೆ ನೋಡುತ್ತಿದ್ದ. ಇರುವೆ ಸಾಲು ಕಂಡರೆ ದಾಟಿ ಕಾಲಿಡುವ ನಮ್ಮತ್ತೆ, ಸೆರಗು ಬಾಯಿಗೆ ಒತ್ತಿಕೊಂಡಿದ್ದವರು, ಅದನ್ನು ತೆಗೆದು ಹೇಳಿದರು:

"ತಗ್ದ್ಬುಡಿ ಸಾ. ಪಾಪ ನಂಗಿರ್ಲಿ. ಇವ್ಳು ಬದುಕ್ಲಿ."

ಆಮೇಲೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಅವರು ಅಳುವುದು ನನಗೆ ಒಳಗೆ ಕೇಳುತ್ತಿತ್ತು. ಅಷ್ಟು ಜೋರಾಗಿ ಅವರು ಅತ್ತದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ನರ್ಸು ನನ್ನನ್ನು ಮಲಗಿಸಿದಳು. ಡಾಕ್ಟರು ಕೈಗವಸು ಹಾಕಿಕೊಳ್ಳುತ್ತಿದ್ದರು. ಎಷ್ಟು ಮೇಲೆ ಕೂತಿದ್ದರೆ ಇದು ಉಳಿಯುತ್ತಿತ್ತು ಎಂದು ಕೇಳಿದೆ. ಒಂದು ಬೆರಳಷ್ಟು ಎಂದರು.

"ಮಗೂಗೆ ಬೇರೆ ಏನೂ ತೊಂದರೆ ಇಲ್ವಲ್ಲ ಡಾಕ್ಟ್ರೇ?"

"ಇಲ್ಲಮ್ಮ. ಚೆನ್ನಾಗೇ ಇತ್ತು."

ಅದರ ಎದೆ ಇನ್ನೂ ಬಡಿಯುತ್ತಿತ್ತು. ಅವರು ಆಗಲೇ 'ಇತ್ತು' ಎಂದಿದ್ದರು.