ಕ್ಯಾಮೆರಾ ಹಚ್ಚಿದ ವಿಭೂತಿ

ನನ್ನ ಸ್ಟುಡಿಯೋಕ್ಕ ತಂದ ಹೊಸ ವಿಲಾಯತಿ ಕ್ಯಾಮೆರಾದಾಗ ಯಾರ ಫೋಟೋ ತೆಗೆದ್ರೂ ಹಣೀ ಮ್ಯಾಲೆ ಬೆಳ್ಳನ ಗೆರಿ ಬೀಳತಿತ್ತು. ಹಿಂದಿನ ಮುಚ್ಚಳ ಸರಿಯಾಗಿ ಕೂಡದ್ದಕ್ಕ ಬೆಳಕು ಒಳಗ ನುಸುಳತಿತ್ತು.

ಸಿಟ್ಟಿಲೆ ಅದನ್ನ ಮಾರಿದ್ದ ದುರ್ಗದಬೈಲಿನ ಕಂಪನಿ ಏಜೆಂಟರ ಅಂಗಡಿಗೆ ಹೋದೆ. ಅವರು ಫೋಟೋ ನೋಡಿ ನಕ್ಕರು. "ವಿಭೂತಿ ಹಚ್ಚಿದಂಗ ಕಾಣತೈತಲ್ರಿ! ಗಿರಾಕಿಗೆ ಖುಷಿನ ಆಗತೈತಿ."

ಬೆಂಗೇರಿಯ ದರ್ಜಿ ಹುಸೇನ್ ಸಾಹೇಬ್ರ ಫೋಟೋ ಅವರ ಮುಂದ ಒಗದೆ. ಮ್ಯಾಲೆ ಟೊಪಗಿ, ಕೆಳಗ ಗಡ್ಡ, ನಡುವ ವಿಭೂತಿ. "ಇವರಿಗೂ ಖುಷಿ ಆಗತೈತೇನ್ರಿ?"

ನಗಿ ನಿಂತಿತು. "ಮುಂದಿನ ತಿಂಗಳ ಹೊಸ ಮಾಡೆಲ್ ಬರತೈತ್ರಿ. ಅದ್ರಾಗ ಮುಚ್ಚಳ ಬಿಗಿ ಮಾಡ್ಯಾರ. ಅದನ್ನ ತಗೋರಿ."

"ಅಂದ್ರ ಕಂಪನಿಗೆ ಗೊತ್ತೈತಿ! ತಪ್ಪು ಅವರದು, ಎರಡನೇ ಕ್ಯಾಮೆರಾ ನಾ ಯಾಕ ಕೊಳ್ಳಬೇಕ್ರಿ? ಮಾರಿದ್ದನ್ನ ವಾಪಸ್ ಕರಿಸಿ ಸರಿಮಾಡಿ ಕೊಡ್ರಿ."

"ಮಾರಿದ ಮಾಲು ಅವರು ಮುಟ್ಟೂದಿಲ್ರಿ."

"ನಿಮ್ಮ ಅಂಗಡಿ ಮುಂದ ಬದನಿಕಾಯಿ ಮಾರೋ ಅಕ್ಕನೂ ಹುಳುಕು ಬಂದ್ರ ಬದಲಿ ಕೊಡತಾಳ!" ಅಂತ ಒದರಿ ಹೊರಬಿದ್ದೆ.

ಕಡೀಕ ಹುಸೇನ್ ಸಾಹೇಬ್ರು ಕೊಟ್ಟ ಕರೀ ಮಖಮಲ್ಲಿನ ಚೂರು ಸಂದಿಗೆ ಅಂಟಿಸಿದೆ. ಗೆರಿ ಹೋತು.

ಮರುವಾರ ಮಾಳಮಡ್ಡಿಯ ಹಳೇ ಗಿರಾಕಿ ಗೌಡ್ರು ತಮ್ಮ ಹೊಸ ಫೋಟೋ ಹಿಡಕೊಂಡು ನನಗಿಂತ ಸಿಟ್ಟಿಲೆ ಬಂದರು.

"ಹೋದ ಸಲ ಹಚ್ಚಿಕೊಳ್ಳದಿದ್ರೂ ವಿಭೂತಿ ಎಷ್ಟು ಛಲೋ ಬಂದಿತ್ತು! ಈ ಸಲ ಎಲ್ಲಿ ಹೋತ್ರಿ?"